ಬೈದು ಕೊಡುವ ಕಬಾಬು

ಬರ್ದಿಯಾ,

ನಾನು ರಶ್ತಿನ ಪೇಟೆಗೆ ಹೋಗ್ತಿದ್ದೀನಿ, ಸಂಜೆಗೆ ಬರ್ತೀನಿ. ದನದ ಮಾಂಸಕ್ಕೆ ಅಕ್ರೋಟು, ಬೆಳ್ಳುಳ್ಳಿ, ದಾಳಿಂಬೆ ರಸ ಅರೆದು ನಿನ್ನೆಯೇ ಹಚ್ಚಿಟ್ಟಿದ್ದೀನಿ. ಸುಡೋಕೆ ಮುಂಚೆ ಉಪ್ಪು ಹಾಕ್ಬೇಡ ಮಾರಾಯ, ಹೋದ್ಸಲ ಚಪ್ಪಲಿ ಅಗಿದ ಹಾಗಿತ್ತು.

ಕೆಂಡಕ್ಕೆ ಅಪ್ಪನ ಬೀಸಣಿಗೆಯೇ ತಗೋ. ಅವರು ತೀರಿಕೊಂಡ್ಮೇಲೆ ಹಿತ್ತಲಲ್ಲಿ ಇದೇ ಮೊದಲ ಬೆಂಕಿ.

"ವಾಸನೆ ಮುಟ್ಟಿದ ಮನೆಗೆ ತುತ್ತೂ ಮುಟ್ಬೇಕು" ಅಂತಿದ್ರಲ್ಲ ಅಪ್ಪ, ಮೊದಲ ಕಂಬಿ ಕಬಾಬು ಪಕ್ಕದ ಮನೆ ಕುರ್ಬಾನ್ ಕಾಕಾಗೆ. ಹೌದು, ಗೋಡೆಗೋಸ್ಕರ ಇಪ್ಪತ್ತು ವರ್ಷ ಅಪ್ಪನ ಜೊತೆ ಕಿತ್ತಾಡಿದವರಿಗೇ! ಅಪ್ಪ ಬೈಕೊಂಡೇ ಗೋಡೆ ಮೇಲಿಂದ ಕೊಡ್ತಿದ್ರು, ಅವರೂ ಬೈಕೊಂಡೇ ತಿಂತಿದ್ರು.

ನಿನ್ನೆ ಕಾಕಾ ಬೀದೀಲಿ ಸಿಕ್ಕಿ, "ನನ್ನ ಬಯ್ಯೋರೇ ಇಲ್ಲದ ಹಾಗಾಯ್ತಲ್ಲಮ್ಮ" ಅಂದ್ರು.

ಸುಮ್ನೆ ಕೊಟ್ಟು ಬರ್ಬೇಡ. ಎರಡು ಮಾತು ಬೈದೇ ಕೊಡು.

ನಿನ್ನಕ್ಕ,
ಮಹ್ತಾಬ್