ಖಾಲಿ ಸಾಲಿನಲ್ಲೊಂದು ಗೆರೆ

ನನ್ನ ಲ್ಯಾಬಿನ ಅಕ್ಕ, ಶಾರದಕ್ಕಾ,

ವೆಸ್ಟರ್ನ್ ಬ್ಲಾಟ್ ಎಂದರೇನೆಂದು ನೀವು ಹೇಳಿಕೊಟ್ಟ ಮೊದಲ ದಿನ ನೆನಪಿದೆಯೇ? “ಸೆಲ್ಲಿನ ಪ್ರೋಟೀನೆಲ್ಲಾ ಜೆಲ್ ಒಳಗ ಓಡಸೂದು, ಹಾಳಿ ಮ್ಯಾಲೆ ಇಳಸೂದು. ನಮಗ ಬೇಕಾದ್ದನ್ನ ಆ್ಯಂಟಿಬಾಡಿ ಹುಡುಕಿ ಕೊಡ್ತೈತಿ. ಒಂದು ಪ್ರೋಟೀನಿಗೆ ಒಂದ ಗೆರಿ, ಅದಕ್ಕ ಬ್ಯಾಂಡು ಅಂತಾರ. ಎರಡು ಬಂದ್ರ, ಯಾರೋ ಕರೀದ ಬಂದಾರ ಅಂತ ತಿಳ್ಕೊ” ಎಂದಿದ್ದಿರಿ. ಕರೆಯದವರು ಬಂದು ಒಂದು ತಿಂಗಳಾಯಿತು ಅಕ್ಕಾ. ಮದುವೆಯೇ ನಿಲ್ಲುವಂತಿದೆ, ಬ್ಯಾಂಡು ಮಾತ್ರ ನಿಲ್ಲುತ್ತಿಲ್ಲ.

ನಾನು ಅತ್ತಾಗಲೆಲ್ಲ ಹಿಮಾಯತ್‌ನಗರದಿಂದ ಮಿರ್ಚಿ ಭಜಿ ತರಿಸಿ, ನನ್ನ ಕಣ್ಣೀರಿಗೊಂದು ನೆಪ ಒದಗಿಸುತ್ತಿದ್ದಿರಿ. ಈಗ ನೆಪವಿಲ್ಲದೆ ಅಳುತ್ತಿದ್ದೇನೆ. ಆ್ಯಂಟಿಬಾಡಿ ತೆಳುವಾಗಿಸಿದೆ, ಮೂರು ಸಲ ತೊಳೆಯುವುದನ್ನು ಆರು ಸಲ ತೊಳೆದೆ, ಆ್ಯಂಟಿಬಾಡಿ ಕಂಡಕಂಡಲ್ಲಿ ಅಂಟದಿರಲೆಂದು ಹಾಳೆಗೆ ಹಾಕುವ ಹಾಲಿನ ಪುಡಿ ಬದಲಿಸಿದೆ. ಪ್ರತಿ ಸಲವೂ ನನ್ನ ಪ್ರೋಟೀನಿನ ನೆತ್ತಿಯ ಮೇಲೆ ಅದೇ ಎರಡನೇ ಗೆರೆ. ನಮ್ಮ ಸರ್ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ, “ಇಂಕ ವದಿಲೇಯ್ ಅಮ್ಮಾ” ಎಂದರು. ಬಿಟ್ಟುಬಿಡು ಎಂದು! ಸೋಮವಾರದೊಳಗೆ ಆ ಗೆರೆ ಹೋಗದಿದ್ದರೆ ನನ್ನ ಪಿಎಚ್‌ಡಿ ಪ್ರಬಂಧದಿಂದ ಇಡೀ ಅಧ್ಯಾಯವೇ ಹೋಗಬೇಕಂತೆ. ಗೈಡು ದಾರಿ ತೋರಿಸಬೇಕು. ಇವರು ಬಾಗಿಲು ತೋರಿಸಿದರು. ಆ ಅಧ್ಯಾಯ ಹೋದರೆ ಪ್ರಬಂಧದಲ್ಲಿ ಉಳಿಯುವುದೇನು, ಕೃತಜ್ಞತೆಗಳೇ? ಆರು ವರ್ಷ ಜೆಲ್ಲಿನಲ್ಲಿ ಕಳೆದೆ. ಜೈಲಾಗಿದ್ದರೆ ಸನ್ನಡತೆಗಾದರೂ ಬಿಡುತ್ತಿದ್ದರು.

ಕೈಗವಸು ಕಂಡರೆ ನಿಮಗೆ ಆಗುತ್ತಲೇ ಇರಲಿಲ್ಲ. “ಗ್ಲೌಸ್ ಹಾಕ್ಕೊಂಡ್ರ ಕೈ ಕಡೀತಾವ. ತೊಳಕೊಂಡೀನಿ, ಸಾಕ್ ತಗೊ” ಎನ್ನುತ್ತ ಬರಿಗೈಯಲ್ಲೇ ಕೆಲಸ. ಆಸ್ಪತ್ರೆ ಸೇರುವ ಹಿಂದಿನ ದಿನವೂ ಸ್ಯಾಂಪಲ್ ಬಫರ್ ಮಾಡಿಟ್ಟಿರಿ, ಪ್ರತಿ ಮಾದರಿಗೂ ಬೆರೆಸುವ ಆ ನೀಲಿ ದ್ರಾವಣ. ಬಾಟಲಿಯ ಮೇಲೆ ನಿಮ್ಮ ವಾರೆ ಅಕ್ಷರ: ‘ಶಾರದಾ ಮಾಡಿದ್ದು. ಮುಟ್ಟಬ್ಯಾಡ್ರಿ.’ ನೀವು ಹೋದ ಮೇಲೆ ಅದನ್ನು ಮುಟ್ಟಿದವಳು ನಾನೊಬ್ಬಳೇ. ಉಳಿದದ್ದನ್ನೆಲ್ಲ ಅನುಮಾನಿಸಿದೆ, ಅದೊಂದನ್ನು ಮಾತ್ರ… ಹೇಗೆ ಅನುಮಾನಿಸಲಿ, ಹೇಳಿ?

“ಏನೂ ತಿಳೀಲಿಲ್ಲ ಅಂದ್ರ ಜೆಲ್ಲಿನ್ಯಾಗ ಒಂದು ಸಾಲು ಖಾಲಿ ಓಡಸವ್ವಾ” ಎಂದು ನೀವೊಮ್ಮೆ ಹೇಳಿದ್ದು ನಿನ್ನೆ ಬೆಳಿಗ್ಗೆ ಅಮೀರ್‌ಪೇಟ್‌ನಲ್ಲಿ ಮೆಟ್ರೊ ಹತ್ತುವಾಗ ನೆನಪಾಯಿತು. ಓಡಿಸಿದೆ. ಒಂದು ಸಾಲಿಗೆ ನಿಮ್ಮ ಬಾಟಲಿಯ ಬಫರ್ ಮಾತ್ರ. ಪಕ್ಕದ್ದಕ್ಕೆ ಕೈಗವಸು ಹಾಕಿಕೊಂಡು ನಾನು ಮಾಡಿದ ಹೊಸದು. ಹೊಸದರ ಸಾಲು ಬೋಳು. ನಿಮ್ಮದರಲ್ಲಿ, ಒಂದು ಜೀವಕೋಶವನ್ನೂ ಹಾಕದ ಸಾಲಿನಲ್ಲಿ, ಅದೇ ಗೆರೆ! ಕೆರಾಟಿನ್ ಇರಬೇಕು ಅಕ್ಕಾ, ಚರ್ಮದ ಪ್ರೋಟೀನು. ನಿಮ್ಮ ಬರಿಗೈಯಿಂದ ಉದುರಿದ್ದು, ನನ್ನ ಆ್ಯಂಟಿಬಾಡಿ ಅದಕ್ಕೂ ಹೋಗಿ ಅಂಟಿಕೊಂಡಿದೆ. ಹಾಗಾದರೆ ಒಂದು ತಿಂಗಳಿಂದ ನಾನು ಶಪಿಸುತ್ತಿದ್ದುದು…

ಇವತ್ತು ಮಧ್ಯಾಹ್ನ ಎಲ್ಲ ಮಾದರಿಗಳನ್ನೂ ಹೊಸ ಬಫರಿನಲ್ಲಿ ಓಡಿಸಿದೆ. ಒಂದೇ ಗೆರೆ ಬಂತು. ಅಧ್ಯಾಯ ಉಳಿಯಿತು. ಸರ್ ನಕ್ಕರು, ನಾನು ಬಾಟಲಿ ಹಿಡಿದುಕೊಂಡು ಸ್ಟೋರ್ ರೂಮಿನಲ್ಲಿ ಕುಳಿತುಬಿಟ್ಟೆ. ನೀವು ತೀರಿಕೊಂಡ ದಿನವೂ ಇಷ್ಟು ಅತ್ತಿರಲಿಲ್ಲ. ಬಾಟಲಿಯನ್ನು ಎಸೆಯಲೇಬೇಕು, ಎಸೆಯುತ್ತೇನೆ. ಆದರೆ ಆ ಖಾಲಿ ಸಾಲಿನ ಚಿತ್ರ ಪ್ರಬಂಧಕ್ಕೆ ಹೋಗುತ್ತದೆ, ಇದು ನಾನು ಕೊಡುವ ಮಾತು. ಅದರ ಕೆಳಗೆ ‘ಬಫರ್ ಮಾತ್ರ, ಬೇರೇನೂ ಇಲ್ಲ’ ಎಂದು ಬರೆಯಬೇಕು. ಬೆಳಗ್ಗೆ ಬರೆಯುತ್ತೇನೆ ಅಕ್ಕಾ. ಇವತ್ತು ಕೈ ಏಳುತ್ತಿಲ್ಲ.

ನಿಮ್ಮ ಅಳುಬುರುಕಿ,
ವನಜಾ