ಮೊಣಕಾಲಿನ ನೆವ

ವಾಕಡ, ಪುಣೆ
ಆಗಸ್ಟ್ 21, 2025

ಪ್ರೀತಿಯ ಶರಣಮ್ಮ,

ಹೇಗಿದ್ದೀ? ನಿನ್ನ ಎರಡು ಪತ್ರಗಳು ಹಳೇ ವಿಳಾಸಕ್ಕೆ ಹೋಗಿ, ಊರೆಲ್ಲ ಸುತ್ತಿ ನನ್ನ ಕೈ ಸೇರಿವೆ. ಆರು ತಿಂಗಳು ಉತ್ತರ ಬರೆಯಲಿಲ್ಲ, ಬಾಯಿ ತುಂಬ ಬೈದುಬಿಡು. ಫೋನ್ ಯಾಕೆ ಎತ್ತುವುದಿಲ್ಲ ಎಂದು ಕೇಳಿದ್ದೀ. ಈ ಮನೆಯ ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದಕ್ಕೆ ಕೇಳಿಸುತ್ತದೆ. ನಾನು ಹೇಳಬೇಕಾದದ್ದನ್ನು ಇಲ್ಲಿ ದನಿ ಎತ್ತಿ ಹೇಳುವಂತಿಲ್ಲ.

ಸಾಸವಡದ ಮನೆ ಮಾರಿದೆವು. ಹಿತ್ತಲು ಸಮೇತ.

ಆ ಹಿತ್ತಲು ನಿನಗೆ ಗೊತ್ತು. ಬಚ್ಚಲಲ್ಲಿ ಕಪ್ಪೆ ಕಂಡು ಕಿರುಚುತ್ತ ಹೊರಗೋಡಿ ಬಂದವಳಲ್ಲವೇ ನೀನು! ಹನ್ನೊಂದು ವರ್ಷ ಅಲ್ಲಿ ನಾನು ಹುಲ್ಲು ಕೀಳಲಿಲ್ಲ, ಔಷಧಿ ಹೊಡೆಯಲಿಲ್ಲ. ಎಕ್ಕೆ ಗಿಡಗಳನ್ನು ಕಡಿಯದೆ ಬಿಟ್ಟಿದ್ದಕ್ಕೆ ಚಿಟ್ಟೆಗಳು ಬಂದವು. ಒಣಗಿದ ಬೇವಿನ ಪೊಟರೆಯಲ್ಲಿ ಗೂಬೆ ಸಂಸಾರ ಹೂಡಿತ್ತು. ಕಲ್ಲಿನ ತೊಟ್ಟಿಯಲ್ಲಿ ನೀರಿಡುತ್ತಿದ್ದೆ. ಮುಂಗುಸಿ ತನ್ನ ಮರಿಗಳೊಂದಿಗೆ ಬರುತ್ತಿತ್ತು, ಅದು ಇಲ್ಲದಾಗ ಕೇರೆಹಾವು ಬರುತ್ತಿತ್ತು. ಈ ಭಾಗ್ಯಾಳಿಗೆ ಹುಚ್ಚು ಎಂದು ಓಣಿಯವರು ನನ್ನನ್ನು ನೋಡಿ ನಗುತ್ತಿದ್ದರು. ಆ ಮಾತನ್ನು ಜನ ಎಷ್ಟು ಸಲೀಸಾಗಿ ಆಡುತ್ತಾರೆ!

ನಮ್ಮವರಿಗೆ ಎರಡು ವರ್ಷದಿಂದ ಮನಸ್ಸು ಸರಿಯಿಲ್ಲ, ಶರಣಮ್ಮ. ನಿನಗೂ ಮುಚ್ಚಿಟ್ಟೆ. ನಿವೃತ್ತರಾದ ಮೇಲೆ ಮೊದಮೊದಲು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದರು. ಆಮೇಲೆ ಮೋರಿಯ ಬಾಯಿಗೆಲ್ಲ ಬಟ್ಟೆ ತುರುಕಿದರು. "ಹುಲ್ಲಿನಾಗ ಮಾತಾಡ್ತಾರ, ಹಾವು ಕಳಸ್ತಾರ" ಎನ್ನುತ್ತಿದ್ದರು. ಯಾರು ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಸಂಕ್ರಾಂತಿಯ ಮರುದಿನ ಮಧ್ಯಾಹ್ನ ಎಳ್ಳು ಹಂಚಿ ಮನೆಗೆ ಬಂದರೆ, ಸ್ಕೂಟರಿನ ಪೆಟ್ರೋಲನ್ನು ಬೇಲಿಯುದ್ದಕ್ಕೂ ಸುರಿದು ಕಡ್ಡಿಪೆಟ್ಟಿಗೆ ಹಿಡಿದು ಕೂತಿದ್ದರು. "ಒಮ್ಮೆ ಸುಟ್ಟಬಿಡೂಣು, ಆರಾಮ ಆಗ್ತದ" ಎಂದರು. ಕಡ್ಡಿಪೆಟ್ಟಿಗೆ ಕಸಿದುಕೊಂಡೆ. ಬೇಲಿಯುದ್ದಕ್ಕೂ ಕೊಡಗಟ್ಟಲೆ ನೀರು ಹೊಯ್ದೆ.

ಜನರ ನಡುವೆ ಇರಲಿ, ಆಸ್ಪತ್ರೆ ಹತ್ತಿರವಿರಲಿ ಎಂದರು ಡಾಕ್ಟರು. ಮೈದುನ ಮಾಂತು ತಾನಿರುವ ಸೊಸೈಟಿಯಲ್ಲೇ ಏಳನೇ ಮಹಡಿಯಲ್ಲಿ, ಎಲ್ಲ ಕಿಟಕಿಗೂ ಗ್ರಿಲ್ ಇರುವ ಫ್ಲ್ಯಾಟ್ ಹುಡುಕಿದ. ಅಲ್ಲಿಯವರೆಗೂ ಸರಿ, ಗಂಡನಿಗಿಂತ ಹಿತ್ತಲು ದೊಡ್ಡದಲ್ಲ. ಆದರೆ ಆಗ ಮಗಳು ಸ್ನೇಹಲ್‌ಗೆ ಸೊಲ್ಲಾಪುರದ ಸಂಬಂಧ ಮಾತುಕತೆಯಲ್ಲಿತ್ತು. ಹುಡುಗಿಯ ಅಪ್ಪನಿಗೆ ಹೀಗಂತೆ ಎಂದು ತಿಳಿದರೆ ಬೀಗರು ಈ ಕಡೆ ಮುಖ ಹಾಕುತ್ತಿದ್ದರೇ? ಮಾಂತು ಉಪಾಯ ಹೇಳಿದ: "ವೈನಿ, ನಿಮ್ಮ ಮಣಕಾಲಿನ ಸಲುವಾಗಿ ಬಂದೇವಿ ಅನ್ನೂಣು. ದಿನಾ ದವಾಖಾನಿಗೆ ಹೋಗಬೇಕಾಗ್ತದಂತ. ಯಾರೂ ಹೆಚ್ಚು ಕೇಳೂದಿಲ್ಲ." ಒಪ್ಪಿಕೊಂಡೆ. ಗುಡ್ಡ ಹತ್ತುವಾಗ ನಿನ್ನನ್ನು ಎಳೆದುಕೊಂಡು ಹೋಗುತ್ತಿದ್ದ ನನ್ನ ಮೊಣಕಾಲುಗಳು ಕೆಟ್ಟುಹೋದದ್ದು ಹೀಗೆ.

ಗೃಹಪ್ರವೇಶದ ದಿನ ಪಟ್ಟಿ ಸುತ್ತಿದ್ದು ಎಡಗಾಲಿಗೆ, ಕುಂಟಿದ್ದು ಬಲಗಾಲಲ್ಲಿ. ಯಾರಿಗೂ ಗೊತ್ತಾಗಲಿಲ್ಲ, ನನ್ನನ್ನು ಆಡಿಕೊಳ್ಳುವುದರಲ್ಲಿ ಅಷ್ಟು ಮುಳುಗಿದ್ದರು. ನಮ್ಮವರ ಅಕ್ಕ ರುದ್ರವ್ವ ಊಟದ ಪಂಕ್ತಿಯಲ್ಲೇ ಶುರುಮಾಡಿದರು: "ಕಾಲು ಯಾರಿಗೆ ನೋಯೂದಿಲ್ಲ ಭಾಗ್ಯಾ? ಅಂಥಾ ಚಂದದ ಮನಿ ಬಿಡಿಸಿ ನಮ್ಮ ಬಸವಲಿಂಗನ್ನ ಈ ಗೂಡಿನಾಗ ತಂದು ಕೂಡಿಸಿದೆಲ್ಲ! ಹೆಂಗ ಸೊರಗ್ಯಾನ ನೋಡು." ನಮ್ಮವರು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದರು. ಒಂದು ಮಾತು ಆಡಬಹುದಿತ್ತು. ಕಾಯಿಲೆ ಇದ್ದವರ ಮೇಲೆ ಸಿಟ್ಟಾಗಬಾರದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಸಿಟ್ಟು ಬಂತು, ಈಗಲೂ ಇದೆ, ಏನು ಮಾಡಲಿ?

ಮನೆ ಕೊಂಡವರು ಅಲ್ಲಿ ಮದುವೆಗೆ ಬಾಡಿಗೆ ಕೊಡುವ ಲಾನ್ ಮಾಡುತ್ತಿದ್ದಾರೆ. ಪಕ್ಕದ ಮನೆಯ ತನುಶ್ರೀ ಜೆಸಿಬಿ ಬಂದ ದಿನ ಫೋಟೋ ಕಳಿಸಿದ್ದಳು. ಬೇವು ಅಡ್ಡಬಿದ್ದಿತ್ತು. ಗೂಬೆ ಎಲ್ಲಿ ಹೋಯಿತು ಎಂದು ಕೇಳಿದೆ. "ನೋಡಿಲ್ರೀ ಕಾಕು" ಎಂದು ಬರೆದಳು. ಇಲ್ಲಿ ಪಾರಿವಾಳ ಬರಬಾರದೆಂದು ಬಾಲ್ಕನಿಗೂ ಬಲೆ ಕಟ್ಟಿಸಿದ್ದಾರೆ.

ಸ್ನೇಹಲ್ ಕೋಥರೂಡದಲ್ಲಿ ಗೆಳತಿಯರ ಜೊತೆ ಇದ್ದುಕೊಂಡು ಕೆಲಸಕ್ಕೆ ಹೋಗುತ್ತಾಳೆ. ಸಂಬಂಧ ಗಟ್ಟಿಯಾಯಿತು, ದೀಪಾವಳಿಯ ನಂತರ ಮದುವೆ. ನೀನು ಎಂಟು ದಿನ ಮೊದಲೇ ಬರಬೇಕು. ಅಲ್ಲಿಯವರೆಗೆ ಇದೆಲ್ಲ ನಿನ್ನ ಹೊಟ್ಟೆಯಲ್ಲೇ ಇರಲಿ. ಪತ್ರದಲ್ಲಿ ನೀನು ಬರೆದಿದ್ದ ನಿನ್ನ ಮೊಮ್ಮಗಳು ನೂರು ವರ್ಷ ನಗುನಗುತ್ತ ಬಾಳಲಿ.

ನಿನ್ನ ಹಳೇ ಜಗಳಗಂಟಿ,
ಭಾಗ್ಯಾ

ತಾ.ಕ.: ಪತ್ರ ಅಂಚೆಗೆ ಹಾಕಲಾಗದೆ ಐದು ದಿನ ಚೀಲದಲ್ಲೇ ಉಳಿಯಿತು. ಈ ನಡುವೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ನಮ್ಮವರು ಕೊನೆಗೂ ಬಾಯಿ ಬಿಟ್ಟಿದ್ದಾರೆ. ಹಾವು ಕಳಿಸುತ್ತಿದ್ದವಳು ನಾನಂತೆ. ಅವರನ್ನು ಕೊಲ್ಲಿಸಲೆಂದೇ ನೀರಿಟ್ಟು ಸಾಕಿದ್ದೆನಂತೆ. ಅವರ ಹೆದರಿಕೆ ಹಿತ್ತಲಿಗಲ್ಲ, ನನಗೆ. ಇದು ಕಾಯಿಲೆಯ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಔಷಧಿ ಹಿಡಿಯುವವರೆಗೆ ಅವರ ಕಣ್ಣಿಗೆ ಬೀಳಬೇಡಿ ಎಂದರು ಡಾಕ್ಟರು. ಈಗ ಅವರು ಎದುರು ಕಟ್ಟಡದಲ್ಲಿ ಮಾಂತುವಿನ ಮನೆಯಲ್ಲಿದ್ದಾರೆ. ಅವರಿಗೋಸ್ಕರ ಬಂದ ಈ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಎರಡು ಹೊತ್ತೂ ಅಡುಗೆ ಮಾಡಿ ಡಬ್ಬಿ ಕಟ್ಟಿ ಕಳಿಸುತ್ತೇನೆ. ಮಾಂತುವಿನ ಹೆಂಡತಿ ದೀಪಾಲಿ ತಾನೇ ಮಾಡಿದ್ದೆಂದು ಬಡಿಸುತ್ತಾಳೆ. ನಿನ್ನೆ ನಮ್ಮವರು ಅವಳಿಗೆ ಹೇಳಿದರಂತೆ: "ನಿನ್ನ ಕೈ ಭಾಳ ರುಚಿ ನೋಡವಾ. ಎರಡು ವರ್ಷದ ಮ್ಯಾಲೆ ಅಂಜಿಕಿ ಇಲ್ಲದ ಉಣ್ಣಾಕತ್ತೀನಿ."