ಫಳಫಳ ಹೊಳೆದ ಮೀನು

ಆರ್ಲೆನ್,

ನಾನು ಕೆಲಸಕ್ಕೆ ಹೊರಟೆ. ಆಲೂಗಡ್ಡೆ-ಮಾಂಸ ಬೇಯಿಸಿದ ಹಾಟ್‌ಡಿಶ್ ಫ್ರಿಜ್ಜಲ್ಲಿದೆ, ತಣ್ಣಗೇ ತಿನ್ಬೇಡ. ಬಾಗಿಲ ಮುಂದಿನ ಹಿಮ ಎತ್ತು.

ಅಗ್ಗದ ಗ್ರಾಫಿಕ್ಸ್ ಕಾರ್ಡು ಯಾವುದು ಒಳ್ಳೇದು ಅಂತ ನಿನ್ನ ಕೇಳೋಕೆ ನನ್ನ ತಮ್ಮ ಕರ್ಟಿಸ್ ಮಧ್ಯಾಹ್ನ ಬರ್ತಾನೆ. ಪ್ರವಚನ ಶುರು ಮಾಡೋ ಮುಂಚೆ ಕಂಪ್ಯೂಟರಿನ ಹಿಂದೆ ಒಮ್ಮೆ ಬಗ್ಗಿ ನೋಡು ಮಹಾರಾಯ. ಬೆಳಿಗ್ಗೆ ಧೂಳು ಒರೆಸುವಾಗ ಕಂಡಿತು: ಮಾನಿಟರಿನ ವೈರು ಇನ್ನೂ ಹಳೇ ಜಾಗದಲ್ಲೇ ಇದೆ. ಗೇಮಿನ ಚಿತ್ರ ಚೆನ್ನಾಗಿ ಕಾಣಲಿ ಅಂತ ಚಳಿಗಾಲವಿಡೀ ಅಳೆದು ಸುರಿದು ತಂದ ಹೊಸ ಕಾರ್ಡಿಗೆ ನೀನು ಅದನ್ನ ಸಿಕ್ಕಿಸೇ ಇಲ್ಲ. ಪಾಪ, ಕಾರ್ಡು ಇಷ್ಟು ದಿನ ಬರೀ ಫ್ಯಾನು ತಿರುಗಿಸ್ಕೊಂಡು ಕೂತಿದೆ. "ಗೇಮಲ್ಲಿ ಮೀನಿನ ಒಂದೊಂದು ಹುರುಪೆನೂ ಹೊಳೀತಿದೆ" ಅಂತ ನೀನು ಮನೆಯೆಲ್ಲ ಕೂಗಿದ್ದು ಕಾರ್ಡಿನ ಹಂಗೇ ಇಲ್ಲದೆ!

ಕರ್ಟಿಸ್‌ಗೆ ನಾನು ಹೇಳಲ್ಲ. ನೀನು ಕರೆದು ತೋರಿಸಿದಾಗ ನನ್ನ ಕಣ್ಣಿಗೂ ಆ ಮೀನು ಫಳಫಳ ಅಂತಲೇ ಕಂಡಿತ್ತು.

ಲವಾನ್